‘ನರಿ ಬಂತು’: ತೋಟದ ಪ್ರಾಣಿಕಥನದಲ್ಲಿ ಹೆಸರು ಮತ್ತು ನೋಟ

ಕಳೆದ ವರ್ಷ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ‘ನಮ್ಮ ತೋಟಕ್ಕೆ ಬಂದ ಒಂದು ಪ್ರಾಣಿ’ ಎಂಬ ವಿಷಯದ ಮೇಲೆ ಅನುಭವ ಕಥನವೊಂದನ್ನು ಬರೆದು ತರಲು ಹೇಳಿದ್ದೆ. ಬಂದ ಬರಹಗಳಲ್ಲಿ ಒಂದರ ಮೊದಲ ವಾಕ್ಯ ಹೀಗಿತ್ತು: ‘ನಿನ್ನೆ ರಾತ್ರಿ ನಮ್ಮ ತೋಟಕ್ಕೆ ನರಿ ಬಂತು.’ ಮುಂದಿನ ಪುಟದಲ್ಲಿ ಮನೆಯವರೆಲ್ಲ ಬಾಗಿಲು ಹಾಕಿಕೊಂಡು ಕುಳಿತದ್ದು, ಅಜ್ಜ ಕೊಟ್ಟಿಗೆಯ ಕರುಗಳನ್ನು ಜಗಲಿಗೆ ತಂದು ಕಟ್ಟಿಸಿದ್ದು, ಬೆಳಗಾಗುವವರೆಗೆ ಯಾರೂ ಅಂಗಳಕ್ಕಿಳಿಯದಿದ್ದುದು ಎಲ್ಲವೂ ಇತ್ತು. ಒಂದು ನರಿಗೆ ಇಷ್ಟು ಭಯವೇ ಎಂದು ತರಗತಿ ನಕ್ಕಿತು. ಬರೆದ ವಿದ್ಯಾರ್ಥಿನಿ ಮಾತ್ರ ನಗಲಿಲ್ಲ. ತೋಟದ ಕೆಲಸಕ್ಕೆ ನೀಲೇಶ್ವರದ ಕಡೆಯಿಂದ ಬಂದು ಉಳಿದುಕೊಂಡಿದ್ದ ಹಿರಿಯರೊಬ್ಬರು ಟಾರ್ಚಿನ ಬೆಳಕಿನಲ್ಲಿ ಏನನ್ನೋ ಕಂಡು ಓಡಿಬಂದು ಹೇಳಿದ ಮಾತನ್ನೇ ಆಕೆ ಬರೆದಿದ್ದಳು. ಅವರು ಹೇಳಿದ್ದು ಮಲಯಾಳದಲ್ಲಿ. ಉತ್ತರ ಮಲಬಾರಿನ ಆಡುಮಾತಿನಲ್ಲಿ ‘ನರಿ’ ಎಂದರೆ ಹುಲಿ.

ನಮ್ಮ ನರಿಗೆ ಅಲ್ಲಿ ‘ಕುರುಕ್ಕನ್’ ಎನ್ನುತ್ತಾರೆ. ‘ಕುರುನರಿ’ ಎಂಬ ಹೆಸರೂ ಇದೆ. ‘ಕುರು’ ಎಂದರೆ ಚಿಕ್ಕದು, ಕುಳ್ಳಾದುದು. ಅಜ್ಜನಿಗೆ ಎರಡೂ ಭಾಷೆ ಗೊತ್ತಿದ್ದುದರಿಂದ ಅವರು ಕರುಗಳನ್ನು ಜಗಲಿಗೆ ತಂದರು. ಮೊಮ್ಮಗಳಿಗೆ ಮಾತು ಕೇಳಿಸಿತು, ಅರ್ಥ ತಲುಪಲಿಲ್ಲ. ಹೀಗೆ ಒಂದೇ ಜಗಲಿಯಲ್ಲಿ ಒಂದೇ ಶಬ್ದವು ಎರಡು ಪ್ರಾಣಿಗಳಾಗಿ ನಿಂತಿತು.

ಈ ಲೇಖನಕ್ಕೆ ಆ ಬರಹವೇ ಕಾರಣ. ಪ್ರಾಣಿಯೊಂದಿಗಿನ ಭೇಟಿಯನ್ನು ಬರೆಯುವುದು ಸುಲಭವೆಂದೂ ಅಲಂಕಾರಗಳನ್ನು ಸೇರಿಸಿದರೆ ಅದು ಲಲಿತ ಪ್ರಬಂಧವಾಗುತ್ತದೆಂದೂ ನಮ್ಮ ವಿದ್ಯಾರ್ಥಿಗಳು ತಿಳಿದಿರುವಂತೆ ಕಾಣುತ್ತದೆ. ಕಾಸರಗೋಡಿನಂಥ ನೆಲದಲ್ಲಿ ಅದು ಸುಲಭವಲ್ಲ. ಇಲ್ಲಿ ಕಡಲಿಗೂ ಗುಡ್ಡೆಗೂ ನಡುವೆ ದೂರ ಕಡಿಮೆ. ತೆಂಗಿನ ಹಿತ್ತಿಲು, ಅಡಿಕೆಯ ತೋಟ, ತೋಡು, ಗೇರಿನ ಗುಡ್ಡೆ, ಮುರಕಲ್ಲಿನ ಪಾರೆ, ನಾಗಬನ ಇವೆಲ್ಲವೂ ಒಂದು ಬೆಳಗಿನ ನಡಿಗೆಯೊಳಗೆ ಬಂದುಬಿಡುತ್ತವೆ. ಕಾಡು ಎಲ್ಲಿ ಮುಗಿಯಿತು, ತೋಟ ಎಲ್ಲಿ ತೊಡಗಿತು ಎಂದು ಬೇಲಿ ಹಾಕಿ ತೋರಿಸಲಾಗದು. ಪ್ರಾಣಿಗಳು ಈ ಎಲ್ಲ ಕಡೆಗೂ ಬರುತ್ತವೆ. ತುಳು, ಮಲಯಾಳ, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ ಮಾತುಗಳಲ್ಲಿ ಬೇರೆ ಬೇರೆ ಹೆಸರು ಹೊತ್ತು ಬರುತ್ತವೆ.

‘ಹುಲಿ’ಯನ್ನೇ ತೆಗೆದುಕೊಳ್ಳೋಣ. ಹಳಗನ್ನಡದಲ್ಲಿ ಅದು ‘ಪುಲಿ’. ಪದಾದಿಯ ಪಕಾರವು ಹಕಾರವಾಗುವ ಬದಲಾವಣೆ ಸುಮಾರು ಹತ್ತನೆಯ ಶತಮಾನದಿಂದ ಮುಂದೆ ಕನ್ನಡದಲ್ಲಿ ಬಲಗೊಂಡಿತೆಂದು ಭಾಷಾ ಚರಿತ್ರೆಯ ಪತ್ರಿಕೆಯಲ್ಲಿ ನೀವು ಓದಿದ್ದೀರಿ. ಪರೀಕ್ಷೆಗಾಗಿ ‘ಪಾಲು–ಹಾಲು, ಪೂವು–ಹೂವು’ ಎಂದು ಬಾಯಿಪಾಠ ಮಾಡುವ ನಾವು ಸಂಜೆ ಮನೆಗೆ ಹೋದಾಗ ಆ ಪಕಾರವನ್ನು ಜೀವಂತವಾಗಿ ಕೇಳುತ್ತೇವೆ ಎಂಬುದನ್ನು ಗಮನಿಸುವುದಿಲ್ಲ. ತುಳುವಿನಲ್ಲಿ ಹುಲಿ ‘ಪಿಲಿ’, ಹಂದಿ ‘ಪಂಜಿ’, ಹಕ್ಕಿ ‘ಪಕ್ಕಿ’. ಮಲಯಾಳದಲ್ಲಿ ‘ಪುಲಿ’, ‘ಪನ್ನಿ’, ‘ಪಾಂಬ್’. ಕನ್ನಡದ ‘ಹೆಬ್ಬಾವು’ ಹಳಗನ್ನಡದ ‘ಪೆರ್ಬಾವು’; ಪೆರ್ ಮತ್ತು ಪಾವು ಸೇರಿದಾಗ ಉತ್ತರಪದದ ಪಕಾರಕ್ಕೆ ಬಕಾರ ಬಂದದ್ದು ನೀವು ಬಲ್ಲ ಆದೇಶ ಸಂಧಿ. ಅದೇ ಹಾವು ತುಳುವರಿಗೆ ‘ಪೆರ್ಮರಿ’, ಮಲಯಾಳಿಗರಿಗೆ ‘ಪೆರುಂಪಾಂಬ್’. ಬಿಲದ ಬಾಯಲ್ಲಿ ಸುರುಳಿ ಸುತ್ತಿ ಮಲಗಿದ ಒಂದು ಹಾವಿನ ಸುತ್ತ ನಿಂತ ಮೂರು ಮನೆಯವರ ಉದ್ಗಾರಗಳಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದ ಒಂದು ಪಾಠವೇ ಇದೆ. ಬೆಂಗಳೂರಿನ ವಿದ್ಯಾರ್ಥಿಗೆ ಪುಸ್ತಕದಲ್ಲಿ ಮಾತ್ರ ದೊರಕುವುದು ನಮಗೆ ಅಂಗಳದಲ್ಲಿ ದೊರಕುತ್ತದೆ.

ಆದರೆ ರೂಪ ಹತ್ತಿರವಿದ್ದ ಮಾತ್ರಕ್ಕೆ ಅರ್ಥವೂ ಹತ್ತಿರವಿರಬೇಕಾಗಿಲ್ಲ. ಇಂದಿನ ಮಲಯಾಳ ಪತ್ರಿಕೆಗಳಲ್ಲಿ ‘ಪುಲಿ’ ಎಂದು ಅಚ್ಚಾದರೆ ಸಾಮಾನ್ಯವಾಗಿ ಅದು ಚಿರತೆ. ಹುಲಿಗೆ ಅಲ್ಲಿ ‘ಕಡುವ’ ಎಂಬ ಬೇರೆ ಶಬ್ದವಿದೆ. ಮುಳಿಯಾರು, ಕಾರಡ್ಕ ಭಾಗದ ತೋಟಗಳಲ್ಲಿ ಈಚಿನ ವರ್ಷಗಳಲ್ಲಿ ಚಿರತೆ ಕಾಣಿಸಿಕೊಂಡಾಗ ಮಲಯಾಳ ಸುದ್ದಿಯ ‘ಪುಲಿ’ ಕನ್ನಡ ಮನೆಗಳ ವಾಟ್ಸ್ಆ್ಯಪ್ ಗುಂಪಿಗೆ ಬರುವಷ್ಟರಲ್ಲಿ ‘ಹುಲಿ’ಯಾಗಿತ್ತು. ಚಿರತೆಯ ಭಯ ಸಣ್ಣದೆಂದು ನಾನು ಹೇಳುತ್ತಿಲ್ಲ. ಹಟ್ಟಿಯ ನಾಯಿಯನ್ನು ಕಳೆದುಕೊಂಡವರಿಗೆ ಅದು ಗೊತ್ತು. ಆದರೆ ಹುಲಿಯೆಂದು ನಂಬಿದ ಊರು ಮಾಡುವ ಕೆಲಸಗಳೂ ಚಿರತೆಯೆಂದು ತಿಳಿದ ಊರು ಮಾಡುವ ಕೆಲಸಗಳೂ ಒಂದೇ ಅಲ್ಲ. ಅನುವಾದದ ತಪ್ಪು ಇಲ್ಲಿ ಅಂಕ ಕಳೆಯುವ ತಪ್ಪಷ್ಟೇ ಅಲ್ಲ.

ಇನ್ನೊಂದು ಹೆಸರನ್ನು ನೋಡಿ. ಇರುಳಿನಲ್ಲಿ ಮಾಡಿನ ಮೇಲೆ ಓಡಾಡುವ, ಬೈನೆಯ ಹಣ್ಣು ತಿನ್ನುವ ಪ್ರಾಣಿಯನ್ನು ಕನ್ನಡದಲ್ಲಿ ಮರಬೆಕ್ಕು ಎನ್ನುತ್ತೇವೆ. ಮಲಯಾಳದಲ್ಲಿ ಅದು ‘ಮರಪ್ಪಟ್ಟಿ’, ಎಂದರೆ ಮರದ ನಾಯಿ. ಅದು ಬೆಕ್ಕೂ ಅಲ್ಲ, ನಾಯಿಯೂ ಅಲ್ಲ. ಪುನುಗಿನ ಬಳಗದ ಪ್ರಾಣಿ. ಒಂದು ಭಾಷೆ ಅದರ ಮೈಯ ಬಳುಕನ್ನು ನೋಡಿತು, ಇನ್ನೊಂದು ಅದರ ಮೂತಿಯನ್ನು ನೋಡಿತು ಎಂದು ನನಗೆ ತೋರುತ್ತದೆ. ಇದು ನನ್ನ ಊಹೆ. ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ಬರೆಯುವುದು ಬೇಡ.

ಹೆಸರಿನ ಮಾತು ಇಷ್ಟಾಯಿತು. ನೋಟದ ವಿಷಯಕ್ಕೆ ಬರುವಾಗ ತೇಜಸ್ವಿಯವರ ‘ಕರ್ವಾಲೊ’ ನೆನಪಾಗದಿರದು. 1980ರಲ್ಲಿ ಪ್ರಕಟವಾದ ಆ ಕಾದಂಬರಿಯಲ್ಲಿ ಹಾರುವ ಓತಿಯ ಬೆನ್ನು ಹತ್ತಿ ಒಂದು ತಂಡವೇ ಕಾಡಿಗೆ ಹೋಗುತ್ತದೆ. ನಮ್ಮ ವಿದ್ಯಾರ್ಥಿಗಳು ಅದನ್ನು ಓದಿ ಹಾರುವ ಓತಿ ಎಂದರೆ ಮಲೆನಾಡಿನ ದಟ್ಟ ಕಾಡಿನಲ್ಲಷ್ಟೇ ಇರುವ, ಬಹುಮಟ್ಟಿಗೆ ಕಲ್ಪಿತವಾದ ಜೀವಿಯೆಂದು ಭಾವಿಸುತ್ತಾರೆ. ಕಳೆದ ವರ್ಷ ತರಗತಿಯಲ್ಲಿ ಕೇಳಿದಾಗ ಅದನ್ನು ಕಂಡವರೆಂದು ಕೈಯೆತ್ತಿದವರು ಇಬ್ಬರೇ. ನಿಜವೇನೆಂದರೆ ನಮ್ಮ ಕರಾವಳಿಯ ಅಡಿಕೆ ತೋಟಗಳಲ್ಲಿ ಅದು ನೆಲೆಸಿದೆ. ಬಾಲವೂ ಸೇರಿ ಸುಮಾರು ಒಂದು ಗೇಣಿನಷ್ಟು ಉದ್ದ. ಅಡಿಕೆ ಮರದ ಕಾಂಡದ ಮೇಲಿನ ಬೂದು ಕಲೆಗಳ ಬಣ್ಣವೇ ಅದರ ಬಣ್ಣ. ಅಲ್ಲಾಡದಿದ್ದರೆ ಕಾಣುವುದಿಲ್ಲ. ಗಂಡು ಗಂಟಲಿನ ಕೆಳಗಿನ ಹಳದಿ ಪಟ್ಟಿಯನ್ನು ಬಾವುಟದಂತೆ ಬಿಚ್ಚಿ ಮಡಚುತ್ತದೆ. ಕಣ್ಣಿಗೆ ಬೀಳುವುದು ಆಗ. ಅದು ಹಕ್ಕಿಯಂತೆ ಹಾರುವುದಿಲ್ಲ. ಉದ್ದವಾಗಿ ಬೆಳೆದ ಪಕ್ಕೆಲುಬುಗಳ ನಡುವಿನ ಚರ್ಮವನ್ನು ಹರಡಿ, ಎತ್ತರದಿಂದ ಮುಂದಿನ ಮರದ ತಗ್ಗಿನ ಕಡೆಗೆ ತೇಲುತ್ತದೆ. ತಲುಪಿದೊಡನೆ ಮತ್ತೆ ಮೇಲಕ್ಕೇರಿ ಕಾಂಡದ ಮೇಲೆ ಸಾಗುವ ಇರುವೆಗಳನ್ನು ನೆಕ್ಕತೊಡಗುತ್ತದೆ. ಹೆಣ್ಣು ಮೊಟ್ಟೆಯಿಡಲು ನೆಲಕ್ಕಿಳಿದು ಮಣ್ಣು ಕೆದಕುತ್ತದೆ.

ಕಾದಂಬರಿಯಲ್ಲಿ ಓತಿಯನ್ನು ಕಂಡವನು ಮಂದಣ್ಣ. ಕಂಡದ್ದು ಏನೆಂದು ತಿಳಿದವರು ಕರ್ವಾಲೊ. ವಿಮರ್ಶಕರು ಇದನ್ನು ಜಾನಪದ ಜ್ಞಾನ ಮತ್ತು ವಿಜ್ಞಾನಗಳ ಸಂಬಂಧವಾಗಿ ಚರ್ಚಿಸುತ್ತಾರೆ. ನೀವೂ ಹಾಗೆ ಬರೆದು ಅಂಕ ಪಡೆಯುತ್ತೀರಿ. ನನಗೆ ಮುಖ್ಯವೆನಿಸುವುದು ಇನ್ನೂ ಸರಳವಾದ ಸಂಗತಿ: ಮಂದಣ್ಣ ನಿಂತು ನೋಡಿದ. ಅಡಿಕೆ ಹೆಕ್ಕಲು ದಿನಕ್ಕೆರಡು ಸಲ ತೋಟಕ್ಕಿಳಿಯುವ ನಾವು ನೆಲವನ್ನು ನೋಡುತ್ತೇವೆ, ಕಾಂಡವನ್ನು ನೋಡುವುದಿಲ್ಲ.

ನೆಲವನ್ನಾದರೂ ಸರಿಯಾಗಿ ನೋಡುತ್ತೇವೆಯೇ? ಅಡಿಕೆ ಹಣ್ಣಾಗುವ ಕಾಲದಲ್ಲಿ ಬಾವಲಿಗಳು ಹಣ್ಣಿನ ಸಿಹಿ ಸಿಪ್ಪೆಯನ್ನು ಜಗಿದು ಬೀಜವನ್ನು ಬಿಟ್ಟುಹೋಗುತ್ತವೆ. ತಾನು ಕುಳಿತು ತಿನ್ನುವ ಮರದ ಕೆಳಗೆ ಬಾವಲಿ ಅಡಿಕೆಗಳನ್ನು ರಾಶಿ ಬೀಳಿಸಿರುತ್ತದೆ. ಅವನ್ನು ಹೆಕ್ಕಿ ತರುವುದು ನಮ್ಮ ಬಾಲ್ಯದ ಬೆಳಗಿನ ಕೆಲಸಗಳಲ್ಲಿ ಒಂದಾಗಿತ್ತು. ರಾಶಿ ಎಲ್ಲಿದೆಯೆಂಬುದರಿಂದ ಬಾವಲಿ ಯಾವ ಮರವನ್ನು ಆರಿಸಿಕೊಂಡಿದೆಯೆಂದು ಅಜ್ಜಿ ಹೇಳುತ್ತಿದ್ದರು. ಬಾವಲಿಯನ್ನು ಅವರು ನೋಡಿದ್ದು ಅಪರೂಪ. ಮರಬೆಕ್ಕು ಬಂದಿತ್ತೆಂಬುದಕ್ಕೆ ಕಲ್ಲಿನ ಮೇಲೆ ಬೈನೆಯ ಬೀಜಗಳು ತುಂಬಿದ ಹಿಕ್ಕೆ ಸಾಕ್ಷಿ. ಮುಳ್ಳುಹಂದಿ ಬಂದಿತ್ತೆಂಬುದಕ್ಕೆ ಬುಡ ಕಡಿದ ತೆಂಗಿನ ಸಸಿ ಸಾಕ್ಷಿ. ಕಡಲ ಬದಿಯವರಾದರೆ ಚಳಿಗಾಲದಲ್ಲಿ ಮರಳಿನ ಮೇಲೆ ಅಗಲವಾದ ಜಾಡನ್ನು ಕಂಡಿರಬಹುದು. ಎಡಬಲಗಳ ಈಜುಗಾಲಿನ ಗುರುತುಗಳು ಜೊತೆಜೊತೆಯಾಗಿರದೆ ಒಂದಾದ ಮೇಲೊಂದು ಬಿದ್ದಿದ್ದರೆ ಅದು ಮೊಟ್ಟೆಯಿಡಲು ಬಂದ ಆಲಿವ್ ರಿಡ್ಲೆ ಕಡಲಾಮೆಯದು. ನೀಲೇಶ್ವರದ ಹತ್ತಿರದ ತೈಕಡಪ್ಪುರದಲ್ಲಿ ಅಂಥ ಮೊಟ್ಟೆಗಳನ್ನು ಕಾದು, ಸುಮಾರು ಒಂದೂವರೆ ತಿಂಗಳಿನಿಂದ ಎರಡು ತಿಂಗಳೊಳಗೆ ಹೊರಬರುವ ಮರಿಗಳನ್ನು ಕಡಲಿಗೆ ಬಿಡುವ ಕೆಲಸ ನಡೆದುಬಂದಿದೆ. ಪ್ರಾಣಿಯನ್ನೇ ಕಾಣದೆ ಪ್ರಾಣಿಯ ಕುರಿತು ಬರೆಯಬಹುದು. ಗುರುತನ್ನು ಓದಲು ಬರಬೇಕು.

ಇನ್ನು ಕಂಡೂ ತಪ್ಪಾಗಿ ಬರೆಯುವ ವಿಷಯ. ಎರಡು ಕೇರೆಹಾವುಗಳು ಮುಂಭಾಗವನ್ನು ಎತ್ತಿ, ಹಗ್ಗದಂತೆ ಹೆಣೆದುಕೊಂಡು ತೂಗಾಡುವುದನ್ನು ತೋಟದ ಅಂಚಿನಲ್ಲಿ ಹಲವರು ನೋಡಿದ್ದೀರಿ. ಬಂದ ಬರಹಗಳಲ್ಲಿ ಮೂವರು ಇದನ್ನು ವರ್ಣಿಸಿದ್ದರು. ಮೂವರೂ ‘ಹಾವುಗಳ ಮಿಲನ’ ಎಂದು ಬರೆದಿದ್ದರು. ಅವರಲ್ಲಿ ಒಬ್ಬರು ‘ಕೇರೆಯೂ ನಾಗರವೂ ಪ್ರಣಯದಲ್ಲಿ ಮೈಮರೆತಿದ್ದವು’ ಎಂದು ಒಂದು ಹೆಜ್ಜೆ ಮುಂದೆ ಹೋಗಿದ್ದರು. ಅದು ಪ್ರಣಯವಲ್ಲ, ಕಾದಾಟ. ಹಾಗೆ ಹೆಣೆದುಕೊಳ್ಳುವವು ಎರಡು ಗಂಡು ಕೇರೆಗಳು. ಒಂದನ್ನೊಂದು ಕಚ್ಚುವುದಿಲ್ಲ, ಎದುರಾಳಿಯ ತಲೆಯನ್ನು ನೆಲಕ್ಕೊತ್ತಲು ಹೆಣಗುತ್ತವೆ. ಸೋತದ್ದು ಜಾರಿಹೋಗುತ್ತದೆ. ಕೇರೆಗೂ ನಾಗರಹಾವಿಗೂ ಕೂಡುವಿಕೆ ಇಲ್ಲವೇ ಇಲ್ಲ. ಅವು ಬೇರೆ ಬೇರೆ ಕುಟುಂಬಗಳಿಗೆ ಸೇರಿದವು.

ಇಲ್ಲಿ ವಿದ್ಯಾರ್ಥಿಗಳ ಕಣ್ಣು ತಪ್ಪಿರಲಿಲ್ಲ. ಹೆಣೆದುಕೊಂಡದ್ದು, ಎದ್ದದ್ದು, ಬಿದ್ದದ್ದು ಎಲ್ಲವನ್ನೂ ಚೆನ್ನಾಗಿಯೇ ಬರೆದಿದ್ದರು. ತಲೆಯನ್ನು ತಲೆ ಒತ್ತುತ್ತಿದ್ದುದನ್ನು ಒಬ್ಬ ಸ್ಪಷ್ಟವಾಗಿ ದಾಖಲಿಸಿದ್ದ. ಮೊದಲೇ ತಲೆಯಲ್ಲಿದ್ದ ಅರ್ಥವು ಕಂಡದ್ದರ ಮೇಲೆ ಕುಳಿತುಬಿಟ್ಟಿತು. ಆದುದರಿಂದ ನನ್ನ ಸಲಹೆ ಇಷ್ಟೇ: ಕಂಡದ್ದು ಒಂದು ವಾಕ್ಯದಲ್ಲಿರಲಿ, ಅದರ ಅರ್ಥ ಇನ್ನೊಂದು ವಾಕ್ಯದಲ್ಲಿರಲಿ. ಎರಡನ್ನೂ ಬೆಸೆದು ಒಂದು ಸುಂದರ ವಾಕ್ಯ ಮಾಡಿದರೆ ಮುಂದೆ ಬಿಡಿಸಲು ಬರುವುದಿಲ್ಲ. ಕುಂಬಳೆಯ ಸಮೀಪದ ಅನಂತಪುರ ಸರೋವರ ಕ್ಷೇತ್ರದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ಸತ್ತಾಗ ಬಂದ ಬರಹಗಳನ್ನೇ ನೋಡಿ. ‘ನೈವೇದ್ಯದ ಅನ್ನವನ್ನು ತಿನ್ನುತ್ತಿತ್ತು’ ಎಂಬುದು ಭಕ್ತರು ಕಂಡದ್ದು. ‘ಸಸ್ಯಾಹಾರಿ ಮೊಸಳೆ’ ಎಂಬುದು ಅದರಿಂದ ಕಟ್ಟಿದ ಮಾತು. ಊರಿನ ಪ್ರೀತಿಗೆ ಎರಡೂ ಬೇಕು, ಬರಹದಲ್ಲೂ ಎರಡಕ್ಕೂ ಜಾಗವಿದೆ. ಒಂದನ್ನು ಇನ್ನೊಂದರ ಜಾಗದಲ್ಲಿ ಕೂರಿಸಬಾರದು.

ಇತರರ ತಪ್ಪುಗಳನ್ನೇ ಹೇಳುವುದು ನ್ಯಾಯವಲ್ಲವಾದ್ದರಿಂದ ನನ್ನದೊಂದನ್ನು ಹೇಳುತ್ತೇನೆ. ನಮ್ಮ ತೋಟದ ಮೇಲ್ಬದಿಯಲ್ಲಿ ಒಂದು ಸುರಂಗವಿದೆ. ಹೊರ ಜಿಲ್ಲೆಗಳ ಓದುಗರಿಗಾಗಿ ಹೇಳುವುದಾದರೆ, ಇದು ಗುಡ್ಡೆಯ ಮುರಕಲ್ಲಿನೊಳಗೆ ಅಡ್ಡಲಾಗಿ ಕೊರೆದ ಬಾವಿ. ಒಬ್ಬ ಮನುಷ್ಯ ತಲೆ ತಗ್ಗಿಸಿ ನಡೆಯುವಷ್ಟು ಎತ್ತರ, ಭುಜಗಳು ಹಿಡಿಸುವಷ್ಟು ಅಗಲ. ಒಳಗಿನ ಒರತೆ ತೊಟ್ಟಿಕ್ಕಿ, ಹರಿದು, ಹೊರಗಿನ ಕೆರೆಗೆ ಬೀಳುತ್ತದೆ. ಪಂಪಿಲ್ಲ, ವಿದ್ಯುತ್ತಿಲ್ಲ. ಕಾಸರಗೋಡಿನ ಒಳನಾಡಿನ ತೋಟಗಳು ಉಳಿದದ್ದು ಇಂಥ ಸಾವಿರಾರು ಸುರಂಗಗಳಿಂದ. ನನಗೆ ಹದಿನೈದು ವರ್ಷವಾಗಿದ್ದಾಗ ನೀರು ಕಡಿಮೆಯಾಯಿತೆಂದು ಒಳಗಿನ ಕುಸಿದ ಮಣ್ಣು ತೆಗೆಯಲು ಸೋದರಮಾವನ ಹಿಂದೆ ಹೊಕ್ಕೆ. ಅವರ ಕೈಯಲ್ಲಿ ಮೇಣದ ಬತ್ತಿ. ಬತ್ತಿ ಮಂಕಾದರೆ ಹಿಂದಿರುಗಬೇಕೆಂಬುದು ನಿಯಮ. ಹೊರಗಿನ ಬೆಳಕು ಬೆನ್ನ ಹಿಂದೆ ನಾಣ್ಯದಷ್ಟಾದಾಗ ಮೇಲಿನಿಂದ ಏನೋ ಕಳಚಿ ಮುಖಕ್ಕೆ ಬಡಿದ ಹಾಗಾಯಿತು, ಆಮೇಲೆ ನೂರಾರು. ನಾನು ಕೂಗಿದೆ. ಮಾವ ಬತ್ತಿಯನ್ನು ಅಂಗೈಯಿಂದ ಮರೆಮಾಡಿ ಕೆಸರಿನಲ್ಲಿಯೇ ಕುಳಿತರು. ನನ್ನನ್ನೂ ಎಳೆದು ಕೂರಿಸಿದರು. ಬಾವಲಿಗಳು ನಮ್ಮ ತಲೆಗಳ ಮೇಲಿನಿಂದ ಹೊರಕ್ಕೆ ಹರಿದವು.

ಕಾಲೇಜಿಗೆ ಬಂದ ಮೇಲೆ ಇದನ್ನು ಪ್ರಬಂಧವಾಗಿ ಬರೆದೆ. ‘ರಕ್ತಪಿಪಾಸು ಬಾವಲಿಗಳು ಆಕ್ರಮಿಸಿದವು’ ಎಂದು ಬರೆದಿದ್ದೆ, ಬಹುಮಾನವೂ ಬಂತು. ಆ ಬಾವಲಿಗಳು ಕೀಟ ತಿನ್ನುವ ಸಣ್ಣ ಜಾತಿಯವು, ನಮ್ಮ ತೋಟದ ಹುಳುಗಳನ್ನು ರಾತ್ರಿಯಿಡೀ ಹಿಡಿಯುವವು. ರಕ್ತ ಹೀರುವ ಬಾವಲಿಗಳು ನಮ್ಮ ದೇಶದಲ್ಲಿ ಇಲ್ಲ. ಮುಖಕ್ಕೆ ಬಡಿದಂತಾದದ್ದು ರೆಕ್ಕೆಯ ಗಾಳಿ ಮಾತ್ರ, ಮೈಗೆ ಒಂದೂ ತಾಗಿರಲಿಲ್ಲ. ಮಾವ ಅವುಗಳಿಗೆ ದಾರಿ ಬಿಟ್ಟು ಕುಳಿತದ್ದೇ ಆ ಘಟನೆಯ ತಿರುಳು. ಆ ಸಾಲು ನನ್ನ ಪ್ರಬಂಧದಲ್ಲಿ ಇರಲಿಲ್ಲ.

ಇಷ್ಟೊಂದು ನಿಖರತೆ ಸಾಹಿತ್ಯದ ವಿದ್ಯಾರ್ಥಿಗೆ ಏಕೆ ಎಂದು ಕೇಳಬಹುದು. ಅದಕ್ಕೆ ಉತ್ತರ ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೇ ಇದೆ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುಡ್ಡೆಯ ಮೇಲೆ ಬಿದ್ದದ್ದು ತೋಡಿಗೂ ಸುರಂಗಕ್ಕೂ ಇಳಿಯುವಂಥದೇ. ಮನುಷ್ಯರ ರೋಗಗಳು ಲೋಕದ ಗಮನಕ್ಕೆ ಬರುವುದಕ್ಕೆ ಬಹಳ ಮೊದಲೇ ಎಣ್ಮಕಜೆಯ ಕಡೆಯ ಕೃಷಿಕರು ಅಂಗವೈಕಲ್ಯದಿಂದ ಹುಟ್ಟಿದ ಕರುಗಳನ್ನು ಗಮನಿಸಿದ್ದರು. ಜೇನ್ನೊಣಗಳು ಕಡಿಮೆಯಾದುವೆಂದೂ ತೋಡಿನ ಮೀನು, ಕಪ್ಪೆಗಳು ಸತ್ತುವೆಂದೂ ಊರವರು ಹೇಳುತ್ತಿದ್ದರು. ಆ ಕರುಗಳ ಸಂಗತಿಯನ್ನು ಪತ್ರಿಕೆಗೆ ತಂದವರು ಅಲ್ಲಿಯವರೇ ಆದ ಕೃಷಿಕ–ಪತ್ರಕರ್ತ ಶ್ರೀ ಪಡ್ರೆ. ದೇಶದಲ್ಲಿ ಆ ಕೀಟನಾಶಕದ ಮೇಲೆ ಸರ್ವೋಚ್ಚ ನ್ಯಾಯಾಲಯದ ನಿಷೇಧ ಬಂದದ್ದು 2011ರ ಮೇ ತಿಂಗಳಲ್ಲಿ. ಈ ವಿಷಯದ ಮೇಲೆ ಅಂಬಿಕಾಸುತನ್ ಮಾಙಾಡ್ ಅವರು ಮಲಯಾಳದಲ್ಲಿ ಬರೆದ ‘ಎಣ್ಮಕಜೆ’ ಕಾದಂಬರಿಯನ್ನು ನೀವು ತೌಲನಿಕ ಅಧ್ಯಯನಕ್ಕೆ ತೆಗೆದುಕೊಳ್ಳಬಹುದು. ಆದರೆ ಕಾದಂಬರಿಗೂ ನ್ಯಾಯಾಲಯಕ್ಕೂ ವೈದ್ಯರಿಗೂ ಮೊದಲು ಹಟ್ಟಿಯಲ್ಲಿ ನಿಂತು ‘ಈ ಕರುವಿನ ಕಾಲು ಹೀಗೇಕಿದೆ?’ ಎಂದು ಕೇಳಿದವರಿದ್ದರು. ಅವರು ಅದನ್ನು ದೈವದ ಮುನಿಸೆಂದು ಮಾತ್ರ ಹೇಳಿ ಸುಮ್ಮನಾಗಿದ್ದರೆ?

ದೈವದ ಮಾತು ಬಂದುದರಿಂದ ಒಂದು ಸಂಗತಿ. ತೋಟದ ಗೆಣಸನ್ನೂ ಬಾಳೆಯನ್ನೂ ಉತ್ತುಹಾಕುವ ಹಂದಿಯನ್ನು ಬೈಯುವ ನಾಲಗೆಯೇ ನೇಮದ ರಾತ್ರಿ ಪಂಜುರ್ಲಿಗೆ ಕೈಮುಗಿಯುತ್ತದೆ. ಆ ಹೆಸರಿನೊಳಗಿನ ‘ಪಂಜಿ’ಯನ್ನು ಗುರುತಿಸಲು ತುಳು ಬಲ್ಲವರಿಗೆ ಕಷ್ಟವಿಲ್ಲ. ಪಿಲಿಚಾಮುಂಡಿಯಲ್ಲಿ ಹುಲಿ ಇದೆ. ನಾಗಬನದಲ್ಲಿ ಕತ್ತಿ ತಾಗಿಸದೆ ಉಳಿಸಿದ ಮರಗಳಿವೆ. ಬೆಳೆ ಹಾಳುಮಾಡುವ ಪ್ರಾಣಿಯೊಂದಿಗೆ ಜಗಳವನ್ನೂ ಭಕ್ತಿಯನ್ನೂ ಒಟ್ಟಿಗೆ ಇಟ್ಟುಕೊಂಡ ಜನ ನಾವು. ಇದರ ಮೇಲೆ ಪ್ರತ್ಯೇಕ ಲೇಖನವನ್ನೇ ಬರೆಯಬೇಕು. ಜಾನಪದ ಪತ್ರಿಕೆಯನ್ನು ಆಯ್ದುಕೊಂಡವರು ಯಾರಾದರೂ ಮುಂದೆ ಬಂದರೆ ಸಂತೋಷ.

ಆ ವಿದ್ಯಾರ್ಥಿನಿಗೆ ಬರಹವನ್ನು ಹಿಂದಿರುಗಿಸಿ ಮತ್ತೊಮ್ಮೆ ಬರೆಯಲು ಹೇಳಿದೆ. ನಾಯಿ, ನರಿಗಳ ಹೆಜ್ಜೆಯಲ್ಲಿ ಉಗುರಿನ ಗುರುತು ಮೂಡುತ್ತದೆ, ಚಿರತೆ ಹುಲಿಗಳು ನಡೆಯುವಾಗ ಉಗುರನ್ನು ಒಳಗೆಳೆದುಕೊಂಡಿರುವುದರಿಂದ ಸಾಮಾನ್ಯವಾಗಿ ಮೂಡುವುದಿಲ್ಲ ಎಂದಷ್ಟೇ ಹೇಳಿ ಕಳುಹಿಸಿದೆ. ಒಂದು ವಾರದ ಬಳಿಕ ಬಂದ ಹೊಸ ಬರಹ ಮೊದಲಿನದರ ಅರ್ಧದಷ್ಟಿತ್ತು. ಕೆಲಸದವರು ‘ನರಿ’ ಎಂದರು, ಅವರ ಮಾತಿನಲ್ಲಿ ಅದಕ್ಕೆ ಹುಲಿಯೆಂದರ್ಥ ಎಂದು ಮೊದಲಿಗೇ ಬರೆದಿದ್ದಳು. ಟಾರ್ಚಿನ ಬೆಳಕಿಗೆ ಎರಡು ಕಣ್ಣುಗಳು ಹೊಳೆದುದನ್ನಲ್ಲದೆ ಮೈಯನ್ನು ಅವರು ಕಂಡಿರಲಿಲ್ಲವೆಂಬುದನ್ನು ಅವರಿಂದಲೇ ಕೇಳಿ ಸೇರಿಸಿದ್ದಳು. ಮರುದಿನ ಬೆಳಗ್ಗೆ ಎಲ್ಲರೂ ಮಾತಾಡುತ್ತಾ ಅದೇ ಜಾಗದಲ್ಲಿ ನಡೆದಾಡಿದ್ದರು, ಹತ್ತು ಗಂಟೆಗೆ ಸ್ಪ್ರಿಂಕ್ಲರ್ ತಿರುಗಿಸಿದ್ದರು. ಹೆಜ್ಜೆಯಲ್ಲಿ ಉಗುರಿನ ಗುರುತಿತ್ತೇ ಎಂಬುದನ್ನು ತಾನು ನೋಡಲಿಲ್ಲ ಎಂಬುದು ಆ ಬರಹದ ಕೊನೆಯ ವಾಕ್ಯವಾಗಿತ್ತು. ಅದಕ್ಕೆ ಪೂರ್ಣ ಅಂಕ ಕೊಟ್ಟೆ.

ಈ ವರ್ಷವೂ ಅದೇ ವಿಷಯವನ್ನೇ ಕೊಡಲಾಗಿದೆ. ಬರಹದ ಜೊತೆಗೆ, ನೀವು ಆರಿಸಿಕೊಂಡ ಪ್ರಾಣಿಗೆ ನಿಮ್ಮ ಮನೆಯ ಹಿರಿಯರೂ ತೋಟಕ್ಕೆ ಕೆಲಸಕ್ಕೆ ಬರುವವರೂ ನೆರೆಮನೆಯವರೂ ಬಳಸುವ ಹೆಸರುಗಳನ್ನು, ಯಾರು ಯಾವ ಭಾಷೆಯಲ್ಲಿ ಹೇಳಿದರೆಂಬುದರೊಂದಿಗೆ, ಪ್ರತ್ಯೇಕ ಹಾಳೆಯಲ್ಲಿ ಬರೆದು ತರಬೇಕು. ಹಾರುವ ಓತಿಯ ಹೆಸರನ್ನು ಮಾತ್ರ ಎಲ್ಲರೂ ಕೇಳಿಕೊಂಡು ಬರಬೇಕು. ಕೇಳುವ ಮೊದಲು ಅದನ್ನು ಅಡಿಕೆ ಮರದ ಮೇಲೆ ತೋರಿಸಿ.